ಹೆಸರು ಬರೆದ ನೀರು

...ಅಲ್ಲ ಲೊರೀನ್, ಮೊದಲು ಕುಡಿ. ಆಮೇಲೆ ಬೇಕಾದಷ್ಟು ನೋಡುವೆಯಂತೆ ನನ್ನ ಮುಖಾನ. ನೀನು ಹುಟ್ಟಿದಾಗಿಂದ ನೋಡ್ತಿರೋ ಮುಖ ತಾನೇ. ಹಿಡ್ಕೋ ಬಾಟ್ಲಿ. ಹಿಡಿಯೋಕೆ ಆಗ್ತಿಲ್ವಾ? ಸರಿ, ನಾನು ಹಿಡೀತೀನಿ, ನೀನು ಬಾಯಿ ತೆಗಿ. ಮಂಡಿ ಸವೆದ ಅಣ್ಣ ಮೇಲಿನ ಬಂಡೆ ಹಂತಕ್ಕೆ ಹತ್ತಿ, ನೀರು ಹಿಡ್ಕೊಂಡು ವಾಪಸ್ ಇಳಿದು ಬಂದಿದ್ದಾನೆ, ತಂಗಿಗೆ ಇಷ್ಟು ಬಿಂಕ!

ಹಾಂ... ಅಷ್ಟೇ. ಇನ್ನೊಂದು ಗುಟುಕು. ಸಾಕಾ? ತುಟಿ ಒದ್ದೆ ಆಗೋದರೊಳಗೆ ಮುಚ್ಚಳ ಹಾಕಿಬಿಟ್ಟೆಯಲ್ಲೇ. ಜಿಪುಣತನ ಯಾಕೆ, ನಮ್ಮದೇ ನೀರು. ಮೊನ್ನೆ ಕಣಿವೆಗೆ ಇಳಿಯುವಾಗ, ವಾಪಸ್ ಹತ್ತೋ ದಿನಕ್ಕೆ ಬೇಕು ಅಂತ ಇಟ್ಟು ಹೋದೆವಲ್ಲ, ಕೆಂಪು ಬಂಡೆಗೋಡೆಯ ಮೇಲೆ, ಜೂನಿಪರ್ ಮರದ ಬುಡದಲ್ಲಿ... ಅದೇ. ನೀನು ಮುಂದೆ ನಡೀತಾ ಇರು, ನಾನು ಬಚ್ಚಿಟ್ಟು ಬರ್ತೀನಿ ಅಂದಿದ್ದೆ. ನೆನಪಿದೆಯಲ್ಲ? ಹೇಗೆ ಇಟ್ಟಿದ್ದೆನೋ ಹಾಗೇ ಇತ್ತು. ಕಲ್ಲು ಸಮೇತ.

ಯಾಕೆ ನಗ್ತಿದ್ದೀಯ? ನಗ್ತಿಲ್ವಾ... ತುಟಿ ಒಡೆದಿದೆ, ಅದಕ್ಕೆ ಹಾಗೆ ಕಂಡಿತು. ಅಯ್ಯೋ, ರಕ್ತ ಬೇರೆ.

ಈ ಬಿಸಿಲು ನೋಡು. ಅಕ್ಟೋಬರ್ ತಿಂಗಳಂತೆ! ಈ ಕಣಿವೆಗೆ ತಿಂಗಳು ಗೊತ್ತಾ, ತಿಥಿ ಗೊತ್ತಾ. ಬೆಳಿಗ್ಗೆ ನದಿ ಹತ್ತಿರದಿಂದ ಹೊರಟಾಗ ಸ್ವೆಟರ್ ಹಾಕ್ಕೊಂಡಿದ್ದೆವು. ಅದಕ್ಕೇ ಅಲ್ಲವಾ ನಾನು ಅಂದ್ಕೊಂಡಿದ್ದು, ಈ ಕಾಲದಲ್ಲಿ ಅಷ್ಟೊಂದು ನೀರು ಯಾಕೆ, ನದಿಯಿಂದ ಹೊತ್ತು ತಂದರೆ ಸಾಕು ಅಂತ... ಅಂದ್ಕೊಂಡೆ ಅಷ್ಟೇ. ಮಾಡಿದೆ ಅಂತ ಎಲ್ಲಿ ಹೇಳಿದೆ?

ಬಾಟ್ಲಿ ಯಾಕೆ ತಿರುಗಿಸ್ತಿದ್ದೀಯ? ಮುಚ್ಚಳ ನೀಲಿ, ಹೌದು. ನಮ್ಮದು ಬಿಳಿದಾ? ಒಂದು ಬಿಳಿ ಇತ್ತು, ಒಂದು ನೀಲಿ. ತುಂಬಿಸಿದವನು ನಾನು ತಾನೇ, ನನಗೆ ಗೊತ್ತಿಲ್ವಾ? ಹೆಸರು ಬರೆದ ಟೇಪು ಕಾಣ್ತಿಲ್ಲ ಅಂತಾನಾ... ಬಿಸಿಲಿಗೆ ಅಂಟು ಬಿಟ್ಟಿರುತ್ತೆ. ಇಲ್ಲಾ ಕಾಗೆ ಕಿತ್ತಿರುತ್ತೆ. ಇಲ್ಲಿನ ಕಾಗೆಗಳು ಬ್ಯಾಗಿನ ಜಿಪ್ಪನ್ನೇ ಎಳೆದು ತೆಗೀತಾವೆ, ಟೇಪು ಯಾವ ಲೆಕ್ಕ.

ಅಪ್ಪ ಆಗಿದ್ದರೆ ಟೇಪಿಲ್ಲದ ನೀರು ಮುಟ್ಟೋಕೆ ಬಿಡ್ತಿರಲಿಲ್ಲ ಅಂತ ತಾನೇ ನಿನ್ನ ಮನಸ್ಸಲ್ಲಿರೋದು? ಗೊತ್ತು ನನಗೆ. ಬಾಟ್ಲಿ ಮೇಲೆ ಹೆಸರಿರಬೇಕು, ವಾಪಸ್ ಹತ್ತೋದು ಯಾವ ದಿನ ಅಂತ ಇರಬೇಕು. ಆ ದಿನ ದಾಟಿದ್ದರೆ ಯಾರು ಬೇಕಾದರೂ ಕುಡೀಬಹುದು. ದಾಟಿಲ್ಲದಿದ್ದರೆ... "ಹೆಣದ ಜೇಬಿಗೆ ಕೈ ಹಾಕಿದ ಹಾಗೆ ಕಣೋ ವೆಂಡೆಲ್" ಅಂತಿದ್ದರು. ನಾಲಿಗೆ ಒಣಗಿ ಅಂಗುಳಿಗೆ ಅಂಟಿದರೂ ಸರಿ, ಬೇರೆಯವರ ನೀರಿನ ಪಕ್ಕದಲ್ಲೇ ನಮ್ಮನ್ನ ಕೂರಿಸಿ ಕತೆ ಹೇಳಿದ ಮನುಷ್ಯ. ಅಪ್ಪನಿಗೇನು, ಅವರ ಮಂಡಿ ಚೆನ್ನಾಗಿತ್ತು.

ಮತ್ತೆ ಎವರಿಸ್ತೋ ಎಂಥಾ ಗಟ್ಟಿ ಮನುಷ್ಯ, ಅಲ್ವಾ? ಅವನ ಹೆಂಡತಿಗೂ ವಯಸ್ಸಾದ ಹಾಗೇ ಕಾಣಲ್ಲ. ನಿನ್ನೆ ನದಿ ದಡದಲ್ಲಿ, ಗುರುತಿಲ್ಲ ಪರಿಚಯವಿಲ್ಲ, ಕರೆದು ಕೂರಿಸಿ ಟೋರ್ಟಿಯಾ ರೊಟ್ಟಿಯಲ್ಲಿ ಕಾಳು ಸುತ್ತಿ ಕೊಟ್ಟರು. ನೀನು ಎರಡನೇದು ಬೇಡ ಅಂದರೂ ಆಯಮ್ಮ ಬಿಡಲಿಲ್ಲ. ನಾಳೆ ಹತ್ತುತ್ತಾರಂತೆ. ನದಿಯಿಂದಲೇ ಬೇಕಾದಷ್ಟು ನೀರು ಹೊತ್ತು ತರ್ತಾರೆ ಬಿಡು, ಅನುಭವಸ್ಥರು...

ಯಾಕೆ ಅವರ ಹೆಸರು ಎತ್ತಿದೆ? ಸುಮ್ಮನೆ. ಊಟ ಹಾಕಿದವರನ್ನ ನೆನೆಸ್ಕೋಬಾರದಾ?

ಏನು ನೋಡ್ತಿದ್ದೀಯ ನನ್ನ ಅಂಗಿ ತೋಳಲ್ಲಿ? ಏನಿಲ್ಲ, ಧೂಳು. ಬಿಡೇ. ಕುಂಬಳಕಾಯಿ ಕಳ್ಳನ ಥರ ಹೆಗಲು ಮುಟ್ಟಿ ನೋಡ್ಕೊಳ್ಳೋಕೆ ನಾನೇನು... ಲೊರೀನ್, ಬಿಡು ಅಂದೆ.

...

ಕಿತ್ತೆಯಲ್ಲ ಆ ಟೇಪು, ಓದು, ಜೋರಾಗಿ ಓದು. ಓದಲ್ವಾ? ಸರಿ, ನಾನೇ ಓದ್ತೀನಿ. ಎವರಿಸ್ತೋ. ಇಬ್ಬರಿಗೆ. ಗುರುವಾರ.

ಇವತ್ತು ಬುಧವಾರ. ನನಗೂ ಗೊತ್ತು.

ನಮ್ಮ ನೀರು ಕಾರಿನ ಡಿಕ್ಕಿಯಲ್ಲಿದೆ. ತುಂಬಿಸಿದ್ದು ನಿಜ, ಹೆಸರು ಬರೆದದ್ದೂ ನಿಜ. ಬ್ಯಾಗು ಹೆಗಲಿಗೆ ಏರಿಸಿದೆ ನೋಡು, ಮಂಡಿ ಒಳಗಡೆ ಚಳಕ್ ಅಂತು. ನೀನು ಆ ಕಡೆ ತಿರುಗಿ ಶೂ ಕಟ್ಕೊಳ್ತಿದ್ದೆ. ತೆಗೆದು ಡಿಕ್ಕಿಗೆ ಹಾಕಿ, ಸದ್ದಾಗದ ಹಾಗೆ ಮುಚ್ಚಿದೆ. ಹೇಳೋಕೆ ಬಾಯಿ ಬರಲಿಲ್ಲ. ಕಾರಲ್ಲಿ ಬರುವಾಗಷ್ಟೇ ನೀನು ಅಂದಿದ್ದೆ, ಈ ಸಲ ನಿನ್ನ ಕೈಲಿ ಆಗದಿದ್ದರೆ ಮುಂದಿನ ವರ್ಷ ಬೇರೆ ಯಾರ ಜೊತೆಗಾದರೂ ಬರ್ತೀನಿ ಅಂತ. ತಮಾಷೆಗೆ ಅಂದಿದ್ದು, ಗೊತ್ತು. ನನಗೆ ತಮಾಷೆ ಅನ್ನಿಸಲಿಲ್ಲ ಕಣೇ. ಈ ಕಣಿವೆ ಬಿಟ್ಟರೆ ನಾವಿಬ್ಬರು ಜೊತೆಗೆ ಮಾಡೋದು ಇನ್ನೇನಿದೆ?

ಆಮೇಲೆ ನೀನು ಇಲ್ಲಿ ಕುಸಿದು ಕೂತೆ. ಕರೆದರೆ ಓ ಅನ್ನಲಿಲ್ಲ. ನಾನೇನು ಮಾಡ್ಲಿ, ಹೇಳು? ತಂಗಿ ಸಾಯಲಿ ಅಂತ ಬಿಡ್ಲಾ? ಮೇಲೆ ಹೋದೆ, ಮರದ ಬುಡದಲ್ಲಿ ಅವರದಿತ್ತು, ತಂದೆ. ಅಪ್ಪ ಆಗಿದ್ದರೂ ತರ್ತಿದ್ದರು. ತರ್ತಿರಲಿಲ್ವಾ? ನಿನಗೋಸ್ಕರ ತಂದೆ. ಮೇಲೆ ಹತ್ತಿದ ತಕ್ಷಣ ಡಿಕ್ಕಿಯಿಂದ ನಮ್ಮದನ್ನ ತೆಗೆದು, ಮಂಡಿ ಮುರಿದರೂ ಸರಿ, ಇಳಿದು ಅದೇ ಜಾಗದಲ್ಲಿ ಇಟ್ಟು ಬರ್ತೀನಿ. ಅವರು ಬರೋದು ನಾಳೆ ತಾನೇ.

ಟೇಪು ಮತ್ತೆ ಅಂಟಿಸ್ತಿದ್ದೀಯಾ... ಅಂಟಿಸು. ಆದರೆ ಇನ್ನೊಂದು ಗುಟುಕು ಕುಡಿದು ಅಂಟಿಸು. ನಿನಗೋಸ್ಕರ ತಂದಿದ್ದು ಅಂದೆನಲ್ಲ. ನಿನಗೋಸ್ಕರವೇ.

ಏನಾದರೂ ಹೇಳು. ಬಯ್ಯಿ ಬೇಕಾದರೆ. ಹಾಗೆ ನೋಡಬೇಡ ನನ್ನ ಬಾಯನ್ನ.

...

ಗೊತ್ತಾಗಿಹೋಯ್ತಲ್ಲ ನಿನಗೆ. ಒಂದೇ ಬಿಸಿಲಲ್ಲಿ ಬಂದವರು ನಾವಿಬ್ಬರೂ. ನಿನಗೆ ನಾಲಿಗೆ ಏಳ್ತಿಲ್ಲ. ನಾನು ಆಗಿಂದ ಮಾತಾಡ್ತಾನೇ ಇದ್ದೀನಿ.

ಇಬ್ಬರಿಗೆ ಅಂತ ಬರೆದಿದ್ದರಲ್ಲ. ಎರಡು ಬಾಟ್ಲಿ ಇತ್ತು ಲೊರೀನ್. ಒಂದನ್ನ ಅಲ್ಲೇ ನಿಂತು ಕುಡಿದೆ. ಪೂರ್ತಿ ಮುಗಿದ ಮೇಲೆ ನಿನ್ನ ನೆನಪಾಯ್ತು.