ಬಚ್ಚಲ ಬಾಗಿಲು ಹಾಕಿಕೊಂಡ ತಾಯಿ

ಪ್ರಾಂಶುಪಾಲರೇ, ಮಹಾನಂದ ಅವರ ಯಜಮಾನರಾದ ವಿಶ್ವಾರಾಧ್ಯ ಅವರೇ, ಅತ್ತೆಯವರಾದ ರುದ್ರಾಣಿ ಅಮ್ಮನವರೇ, ಮಗ ಸಮರ್ಥ, ಸಹೋದ್ಯೋಗಿಗಳೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ನಮ್ಮ ವಿದ್ಯಾರ್ಥಿಗಳೇ — ಈ ಶ್ರದ್ಧಾಂಜಲಿ ಸಭೆಗೆ ಬಂದ ಎಲ್ಲರಿಗೂ ನಮಸ್ಕಾರ.

ನನ್ನ ಹೆಸರು ಆಂಡಾಳ್. ಮಹಾನಂದ ಅವರೂ ನಾನೂ ಒಂದೇ ವರ್ಷ ಬಸವನಗುಡಿಯ ಈ ನರ್ಸಿಂಗ್ ಶಾಲೆಗೆ ಪಾಠ ಹೇಳಲು ಸೇರಿದವರು. ನನ್ನದು ಹೆರಿಗೆ ಶುಶ್ರೂಷೆ, ಅವರದು ಮಕ್ಕಳ ಶುಶ್ರೂಷೆ. ಸ್ಟಾಫ್ ರೂಮಿನಲ್ಲಿ ಎದುರುಬದುರು ಮೇಜು. ನನಗೆ ಅವಳು ಮಹಾನಂದಾ. ಈವತ್ತು ‘ಅವರು’ ಎನ್ನಲು ನಾಲಿಗೆ ಏಳುತ್ತಿಲ್ಲ. ಏಕವಚನದಲ್ಲೇ ಮಾತನಾಡುತ್ತೇನೆ, ಹಿರಿಯರು ಮನ್ನಿಸಬೇಕು.

ನನಗಿಂತ ಮೊದಲು ಮಾತನಾಡಿದವರೆಲ್ಲ ಅವಳ ಧೈರ್ಯವನ್ನು ಹೊಗಳಿದರು. ಕೇಳುತ್ತಾ ಕುಳಿತಿದ್ದೆ. ಅವಳೇ ಇಲ್ಲಿ ಇದ್ದಿದ್ದರೆ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು. ಏಕೆಂದರೆ — ನಾನು ನಿಜ ಹೇಳುತ್ತೇನೆ — ಅವಳಷ್ಟು ಭಯಸ್ಥೆಯನ್ನು ನಾನು ನೋಡಿಲ್ಲ. ಆ ಭಯದ ಕಥೆಯನ್ನೇ ಹೇಳಬೇಕೆಂದು ಬಂದಿದ್ದೇನೆ. ಅದು ಸಮರ್ಥನ ಕಥೆಯೂ ಹೌದು. ಅದಕ್ಕೇ ಬೆಳಿಗ್ಗೆ ಅವನನ್ನು ಪಕ್ಕಕ್ಕೆ ಕರೆದು ಕೇಳಿದೆ. “ಹೇಳಿ ಆಂಟಿ. ಅಮ್ಮ ಪ್ರತಿ ವರ್ಷ ಕ್ಲಾಸಲ್ಲಿ ಹೇಳ್ತಿದ್ರಲ್ಲ. ಇನ್ನು ಯಾರು ಹೇಳ್ತಾರೆ?” ಎಂದ. ಹದಿನೈದು ವರ್ಷದ ಹುಡುಗ. ಅವನ ಅಪ್ಪಣೆ ಇರುವುದರಿಂದ ಹೇಳುತ್ತಿದ್ದೇನೆ.

ತೊಂಬತ್ನಾಲ್ಕರಲ್ಲಿ ಸಮರ್ಥ ಹುಟ್ಟಿದ. ಚಾಮರಾಜಪೇಟೆಯ ಹೆರಿಗೆ ಆಸ್ಪತ್ರೆ. ಮಗುವನ್ನು ಪರೀಕ್ಷಿಸಿದ ಡಾಕ್ಟರು ಮಹಾನಂದಳಿಗೆ ಸಮಾಧಾನವಾಗಿಯೇ ಹೇಳಿದರು — ಬಲಗಡೆಯ ವೃಷಣ ಚೀಲಕ್ಕೆ ಇಳಿದಿಲ್ಲ, ಕೈಗೂ ಸಿಗುತ್ತಿಲ್ಲ, ಕೆಲವು ತಿಂಗಳಲ್ಲಿ ತಾನಾಗಿ ಇಳಿಯಬಹುದು, ಆರು ತಿಂಗಳಾದರೂ ಇಳಿಯದಿದ್ದರೆ ಶಸ್ತ್ರವೈದ್ಯರಿಗೆ ತೋರಿಸಿ. ಇಷ್ಟೇ. ವಿದ್ಯಾರ್ಥಿಗಳೇ, ಇದು ನಿಮಗೆ ಗೊತ್ತಿರುವ ಪಾಠ. ಗಂಡುಮಗುವಿನ ಬೀಜಗಳು ತಾಯಿಯ ಗರ್ಭದಲ್ಲಿ ಮೊದಲು ಮಗುವಿನ ಹೊಟ್ಟೆಯೊಳಗೆ ಇರುತ್ತವೆ. ಹುಟ್ಟುವ ಹೊತ್ತಿಗೆ ತೊಡೆಸಂದಿನ ದಾರಿಯಾಗಿ ಕೆಳಗೆ ಇಳಿಯುತ್ತವೆ. ಕೆಲವು ಮಕ್ಕಳಲ್ಲಿ, ಅದರಲ್ಲೂ ತಿಂಗಳು ತುಂಬದೆ ಹುಟ್ಟಿದವರಲ್ಲಿ, ಒಂದು ದಾರಿಯಲ್ಲೇ ನಿಂತುಬಿಡುತ್ತದೆ. ಅದು ಯಾರ ತಪ್ಪೂ ಅಲ್ಲ. ಈ ಪಾಠವನ್ನು ಅವಳು ಎಷ್ಟು ಸಲ ಹೇಳಿದ್ದಳೋ! “ಮೊದ್ಲು ನಿಮ್ಮ ಕೈ ಬಿಸಿ ಮಾಡ್ಕೊಳ್ಳಿ. ತಣ್ಣಗಿರೋ ಕೈ ತಾಕಿದ್ರೆ ಕೆಳಗಿರೋದೂ ಮೇಲಕ್ಕೆ ಹೋಗ್ಬಿಡತ್ತೆ. ಮಗು ಅಳ್ತಿದ್ರೆ ಕಾಯಿರಿ. ಸೊಂಟದ ಕಡೆಯಿಂದ ಕೆಳಗಡೆಗೆ, ಮೆತ್ತಗೆ...” ಎಂದು ಗಾಳಿಯಲ್ಲೇ ಬೆರಳು ಜಾರಿಸಿ ತೋರಿಸುತ್ತಿದ್ದಳು. ಹೀಗೆ.

ಆದರೆ ಅದು ಬೇರೆಯವರ ಮಕ್ಕಳ ಪಾಠ.

ಮನೆಯಲ್ಲಿ ಅವಳು ಯಾರಿಗೂ ಹೇಳಲಿಲ್ಲ. ಮಾಮೂಲ್‌ಪೇಟೆಯಲ್ಲಿ ತಲೆಮಾರಿನಿಂದ ಬಳೆ ವ್ಯಾಪಾರ ಮಾಡಿದ ಮನೆತನ. ತೊಟ್ಟಿಲಿನ ದಿನ ಬಂದವರೆಲ್ಲ “ವಂಶ ಬೆಳಗೋ ಕೂಸು” ಎಂದು ಹರಸುತ್ತಿದ್ದರೆ ಅವಳು ಮಗುವಿನ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಸುತ್ತುತ್ತಿದ್ದಳು. ಈ ಮಾತು ಹೊರಗೆ ಬಿದ್ದರೆ ಮಗುವಿಗೊಂದು ಹೆಸರು ಅಂಟುತ್ತದೆ. ದೊಡ್ಡವನಾದ ಮೇಲೂ ಅದು ಬಿಡುವುದಿಲ್ಲ. ಮದುವೆಯ ಹೊತ್ತಿಗೆ ಯಾರೋ ಒಬ್ಬರು ನೆನಪಿಸಿಕೊಳ್ಳುತ್ತಾರೆ — ಹೀಗೆ, ಎಲ್ಲಿಂದ ಎಲ್ಲಿಗೋ ಅವಳ ಯೋಚನೆ.

ಮಗುವಿಗೆ ನೀರು ಹಾಕಲು ಅಕ್ಕಯಮ್ಮ ಎಂಬ ಹಿರಿಯ ಹೆಂಗಸು ಬರುತ್ತಿದ್ದರು. ಆ ಬೀದಿಯ ಅರ್ಧ ಮಕ್ಕಳು ಅವರ ಕಾಲ ಮೇಲೆ ಮಲಗಿ ಎಣ್ಣೆ-ನೀರು ಕಂಡವರು. ಅಕ್ಕಯಮ್ಮನ ಕೈಗೆ ಗೊತ್ತಾಗದೆ ಇರುತ್ತದೆಯೇ? ಆ ಭಯಕ್ಕೆ ಮಹಾನಂದ ಅವರನ್ನು ಬರಬೇಡಿ ಎಂದಳು. ಸ್ನಾನದ ಹೊತ್ತಿನಲ್ಲಿ ಅತ್ತೆಗೂ ಮುಟ್ಟಗೊಡಲಿಲ್ಲ. ಬಚ್ಚಲಿಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಂಡು ತಾನೇ ನೀರು ಹಾಕತೊಡಗಿದಳು. ಬಿಸಿನೀರಿಗೆ ಮಗುವಿನ ಮೈ ಸಡಿಲವಾದಾಗ ಮೆಲ್ಲಗೆ ಬೆರಳಾಡಿಸಿ ನೋಡುತ್ತಿದ್ದಳು. ಎಡಗಡೆ ಇದೆ. ಬಲಗಡೆ ಖಾಲಿ. ಮರುದಿನ ಮತ್ತೆ. ಖಾಲಿ.

ರಜೆ ಮುಗಿದು ಶಾಲೆಗೆ ಬಂದಳು. ಒಂದು ಮಧ್ಯಾಹ್ನ ಇದೇ ಪಾಠ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮೇಡಂ, ಇಳೀದೇ ಹೋದ್ರೆ ಏನಾಗತ್ತೆ?” ಎಂದು ಕೇಳಿದಳು. ಸಹಜವಾದ ಪ್ರಶ್ನೆ. ಮಹಾನಂದ ಸೀಮೆಸುಣ್ಣ ಕೆಳಗಿಟ್ಟು ಹೊರಗೆ ನಡೆದುಬಿಟ್ಟಳು. ಬಟ್ಟೆ ಜೋಡಿಸುವ ಕೋಣೆಯಲ್ಲಿ ನನಗೆ ಸಿಕ್ಕಿದಳು. ಮಡಿಸಿಟ್ಟ ಹೊದಿಕೆಗಳ ಮೇಲೆ ಮುಖ ಒತ್ತಿಕೊಂಡು ನಿಂತಿದ್ದಳು. ಆಗ ನನಗೆ ಎಲ್ಲ ಹೇಳಿದಳು.

“ಇಷ್ಟೇ ತಾನೇ? ನಡಿ, ಸರ್ಜನ್ನಿಗೆ ತೋರ್ಸೋಣ. ಚಿಕ್ಕ ಆಪರೇಷನ್ನು. ನೀನೇ ಎಷ್ಟು ಜನಕ್ಕೆ ಹೇಳಿಲ್ಲ?” ಎಂದೆ.

“ಹೇಳಿದೀನಿ ಕಣೇ. ಈಗ ನಂಗ್ಯಾರಾದ್ರೂ ಹೇಳಿದ್ರೆ ಕಿವಿಗೇ ಬೀಳ್ತಿಲ್ಲ. ಅಷ್ಟು ಪುಟ್ಟ ಮೂಗಿಗೆ ಅರಿವಳಿಕೆ ಕೊಡ್ತಾರೆ ಆಂಡಾಳ್. ಎದ್ದೇಳ್ದೇ ಹೋದ್ರೆ? ಏನೂ ಗೊತ್ತಿಲ್ದೋರು ಪುಣ್ಯವಂತ್ರು. ನಂಗೆ ಏನೇನ್ ಆಗ್ಬಹುದು ಅಂತ ಎಲ್ಲಾ ಗೊತ್ತು.”

ಮುಂದಿನ ವಾರ ಹೋಗೋಣ ಎಂದಳು. ಆ ವಾರ ಮಗುವಿಗೆ ನೆಗಡಿ. ಆಮೇಲೆ ಶ್ರಾವಣ, ಮನೆಯಲ್ಲಿ ಪೂಜೆ. ನಾನು ಕೇಳುತ್ತಲೇ ಇದ್ದೆ, ಅವಳು ಮುಂದೂಡುತ್ತಲೇ ಇದ್ದಳು. ಮಗುವಿಗೆ ಆರು ತಿಂಗಳು ತುಂಬಿತು. ಏಳಕ್ಕೆ ಬಿತ್ತು.

ಒಂದು ದಿನ ಬೆಳಿಗ್ಗೆ ಆಫೀಸಿಗೆ ಫೋನ್ ಬಂತು. ಅತ್ತೆಯವರದು. ಮಗು ಒಂದೇ ಸಮನೆ ಅಳುತ್ತಿದೆ, ಬಜೆ ತೇಯ್ದು ನೆಕ್ಕಿಸಿದರೂ ನಿಲ್ಲುತ್ತಿಲ್ಲ, ವಾಂತಿ ಹಸಿರಾಗಿದೆ ಎಂದರು.

ಹಸಿರು ವಾಂತಿ ಎಂದರೆ ಕರುಳಿನ ದಾರಿ ಕಟ್ಟಿರಬಹುದು ಎಂದು ಅವಳಿಗೆ ಗೊತ್ತು; ಫೋನಿಟ್ಟವಳೇ ಬಾಗಿಲಿಗೆ ಓಡಿದಳು. ನಾನೂ ಜೊತೆಗೆ ಹೊರಟೆ. ಆಟೋದಲ್ಲಿ ದಾರಿಯುದ್ದಕ್ಕೂ ಅವಳು ನನ್ನ ಮುಂಗೈ ಹಿಡಿದಿದ್ದಳು. ಉಮಾ ಟಾಕೀಸಿನ ಹತ್ತಿರ ಲಾರಿಯೊಂದು ಅಡ್ಡ ನಿಂತಿತ್ತು. “ಇಳಿದು ಓಡೋಣ್ವಾ?” ಎಂದಳು.

ಮನೆ ಸೇರಿದಾಗ ಅಕ್ಕಯಮ್ಮ ಬಂದಿದ್ದರು. ಗಾಬರಿಯಲ್ಲಿ ಅತ್ತೆಯವರೇ ಕರೆಸಿದ್ದರು. ಚಾಪೆಯ ಮೇಲೆ ಮಗು — ಅಳುವ ಶಕ್ತಿಯೂ ಇರಲಿಲ್ಲ, ನರಳುತ್ತಿತ್ತು. ಕಣ್ಣುಗಳು ಒಳಗೆ ಹೋಗಿದ್ದವು. ಬಲತೊಡೆಯ ಸಂದಿಯಲ್ಲಿ ಕೆಂಪಗೆ, ಗಟ್ಟಿಯಾಗಿ, ನಿಂಬೆಹಣ್ಣಿನಷ್ಟು ಗಂಟು. ಅಕ್ಕಯಮ್ಮ ಕೈಗೆ ಎಣ್ಣೆ ಹಚ್ಚಿಕೊಂಡಿದ್ದರು. “ವಾಯು ಕಟ್ಕೊಂಡೈತೆ ತಾಯಿ, ಒಂದ್ಸಲ ಒತ್ತಿ ಬಿಟ್ರೆ —”

“ಒತ್ತಬೇಡಿ!”

ಆ ಕೂಗು ನನಗೆ ಇನ್ನೂ ಕೇಳಿಸುತ್ತದೆ.

ಅವಳಿಗೆ ನೋಡಿದ ತಕ್ಷಣ ಅರ್ಥವಾಗಿತ್ತು. ಬೀಜ ಇಳಿಯದೆ ನಿಂತಾಗ ಅದು ಇಳಿಯಬೇಕಿದ್ದ ದಾರಿಯೂ ಎಷ್ಟೋ ಸಲ ಮುಚ್ಚದೆ ಉಳಿದಿರುತ್ತದೆ. ಆ ಸಂದಿಗೆ ಕರುಳು ಜಾರಿ ಸಿಕ್ಕಿಕೊಂಡಿತ್ತು. ಹರ್ನಿಯಾ. ಸಿಕ್ಕಿಕೊಂಡ ಕರುಳಿಗೆ ರಕ್ತ ನಿಂತರೆ ಕೊಳೆಯಲು ಹೆಚ್ಚು ಹೊತ್ತು ಬೇಡ. ಪಕ್ಕದಲ್ಲೇ ಇರುವ ಬೀಜಕ್ಕೂ ಅದೇ ಗತಿ.

ಮಗುವನ್ನು ಎತ್ತಿಕೊಂಡಳು. ಅತ್ತೆಗೆ ಏನೋ ಹೇಳಬೇಕು. ಕೊನೆಗೂ ಬಾಯಿಬಿಟ್ಟಳು. “ಅತ್ತೆ, ಇವ್ನಿಗೆ ಹುಟ್ಟಿದಾಗ್ಲಿಂದ ಒಂದು ಬೀಜ ಇಳಿದಿಲ್ಲ. ನಂಗೆ ಗೊತ್ತಿತ್ತು. ಹೇಳ್ಲಿಲ್ಲ.”

ಈಗ ಏನನ್ನುತ್ತಾರೋ ಎಂದು ನಾನು ಅತ್ತೆಯವರ ಕಡೆ ತಿರುಗಿದೆ. ರುದ್ರಾಣಿ ಅಮ್ಮ ಒಂದು ಕ್ಷಣ ಸೊಸೆಯ ಮುಖ ನೋಡಿದರು. “ಇದಕ್ಕಾ ನೀನು ಬಾಗ್ಲು ಹಾಕ್ಕೊಳ್ತಿದ್ದಿದ್ದು?” ಎಂದರು. “ನಡಿ, ನಡಿ. ಆಟೋ ಇನ್ನೂ ನಿಂತಿದೆಯಾ ನೋಡಮ್ಮ” ಎಂದು ನನಗೆ ಹೇಳಿ ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದರು.

ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾದ ಡಾಕ್ಟರ್ ವೆಂಕಟಾಚಲ ಅವರು ನೋಡಿದವರೇ ಮಗುವನ್ನು ಆಪರೇಷನ್ ಕೋಣೆಗೆ ಕರೆದೊಯ್ದರು. ವಿಶ್ವಾರಾಧ್ಯ ಅವರು ಅಂಗಡಿಯಿಂದ ಓಡಿಬಂದರು. ನಾವು ಕಾರಿಡಾರಿನಲ್ಲಿ ಕುಳಿತೆವು. ಮಹಾನಂದ ಬೆಂಚಿನ ಮೇಲೆ ಕೂರಲಿಲ್ಲ. ನೆಲದ ಮೇಲೆ, ಬಾಗಿಲಿಗೆ ಬೆನ್ನು ಮಾಡಿ ಕುಳಿತಳು. “ಬಾಗ್ಲು ತೆಗೆದಾಗ ನೀನು ನೋಡು ಆಂಡಾಳ್. ಡಾಕ್ಟ್ರ ಮುಖ ನಾನ್ ನೋಡಲ್ಲ. ಅವ್ರು ಬಾಯಿ ಬಿಡೋಕೆ ಮುಂಚೇನೇ ನಂಗೆ ಗೊತ್ತಾಗ್ಬಿಡತ್ತೆ” ಎಂದಳು. ಇಷ್ಟು ವರ್ಷ ವಾರ್ಡಿನಲ್ಲಿ ಎಷ್ಟೋ ಡಾಕ್ಟರರ ಮುಖ ಓದಿದವಳು.

ಆಗ ರುದ್ರಾಣಿ ಅಮ್ಮ ಸೊಸೆಯ ಪಕ್ಕದಲ್ಲೇ ನೆಲಕ್ಕೆ ಕುಳಿತರು. ಅವರು ಹೇಳಿದ್ದನ್ನು ಇಲ್ಲಿ ಹೇಳಲೇ ಅಮ್ಮಾ? — ತಲೆಯಾಡಿಸುತ್ತಿದ್ದಾರೆ. ಹೇಳುತ್ತೇನೆ. ಅವರ ಹಿರಿಯ ಮಗನ ಕೂಸು ಹಿಂದೆ ಜ್ವರ ಬಂದು ಇವರ ಮಡಿಲಲ್ಲೇ ತೀರಿಕೊಂಡಿತ್ತಂತೆ. “ನನ್ ಕೈ ಸರಿ ಇಲ್ಲ ಅಂತ ನಿಂಗೆ ಯಾರೋ ಹೇಳಿರ್ಬೇಕು, ಅದಕ್ಕೇ ಮಗುಗೆ ನೀರ್ ಹಾಕಕ್ಕೆ ಬಿಡಲ್ಲ ಅಂದ್ಕೊಂಡಿದ್ದೆ ಕಣಮ್ಮ. ಕೇಳೋಕೆ ಭಯ. ಹೌದು ಅಂದ್ಬಿಟ್ರೆ?”

ಒಂದೇ ಮನೆ. ಒಂದೇ ತೊಟ್ಟಿಲು. ಬಾಗಿಲಿನ ಒಳಗೆ ಒಬ್ಬಳು, ಹೊರಗೆ ಒಬ್ಬರು. ಇಬ್ಬರೂ ಹೆದರಿಕೊಂಡು ಅಷ್ಟು ತಿಂಗಳು ಕಳೆದಿದ್ದರು.

ಬಾಗಿಲು ತೆರೆಯಿತು. ನಾನು ನೋಡಿದೆ. ಡಾಕ್ಟರರ ಮುಖದಲ್ಲಿ ನನಗೆ ಏನೂ ತಿಳಿಯಲಿಲ್ಲ.

“ಕರುಳು ಉಳೀತು. ಮಗು ಚೆನ್ನಾಗಿದೆ” ಎಂದರು. “ಬೀಜ ಕಪ್ಪಗಾಗಿತ್ತು. ಬಿಸಿ ಬಟ್ಟೆ ಸುತ್ತಿ ಕಾದ್ವಿ, ಸ್ವಲ್ಪ ಬಣ್ಣ ಬಂತು. ಕೆಳಗಿಳಿಸಿ ಕೂರ್ಸಿದೀವಿ. ನಿಲ್ಲತ್ತೋ ಇಲ್ವೋ, ಈಗ್ಲೇ ಹೇಳೋಕಾಗಲ್ಲ.”

ಮಹಾನಂದ ಎದ್ದು ನಿಂತು ಕೇಳಿದಳು. “ಹೋದ ತಿಂಗಳೇ ಕರ್ಕೊಂಡ್ ಬಂದಿದ್ರೆ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸುಳ್ಳು ಹೇಳಲಿಲ್ಲ. “ಸುಲಭ ಆಗಿರ್ತಿತ್ತಮ್ಮ” ಎಂದರು.

ನಿಂತಿತು. ಆ ಬೀಜ ಸ್ವಲ್ಪ ಚಿಕ್ಕದಾಗಿ ಉಳಿಯಿತು, ಆದರೆ ನಿಂತಿತು. ಆದರೂ ಅವಳ ಭಯ ಹೋಯಿತೆಂದು ತಿಳಿಯಬೇಡಿ. ಇಳಿಯದೆ ಇದ್ದ ಬೀಜದಲ್ಲಿ ಮುಂದೆ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಸ್ವಲ್ಪ ಹೆಚ್ಚು ಎಂದು ನಾವೇ ಕಲಿಸುತ್ತೇವಲ್ಲ. ಪ್ರತಿ ವರ್ಷ ಡಾಕ್ಟರರ ಹತ್ತಿರ ಹೋಗುವ ಹಿಂದಿನ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ಮಗನಿಗೆ ಮೀಸೆ ಚಿಗುರುವ ವಯಸ್ಸು ಬಂದಾಗ ಕೂರಿಸಿಕೊಂಡು, ಸ್ನಾನದ ಹೊತ್ತಿನಲ್ಲಿ ತನ್ನನ್ನು ತಾನು ಪರೀಕ್ಷೆ ಮಾಡಿಕೊಳ್ಳುವುದು ಹೇಗೆಂದು ಹೇಳಿಕೊಟ್ಟಳು. ಹುಡುಗ ನಾಚಿಕೆಯಿಂದ ದಿಂಬಿನಲ್ಲಿ ಮುಖ ಮುಚ್ಚಿಕೊಂಡನಂತೆ. “ಮುಖ ಮುಚ್ಕೋ ಪರ್ವಾಗಿಲ್ಲ, ಕಿವಿ ತೆಗೆದಿಡು” ಎಂದಳಂತೆ.

ಆ ಆಪರೇಷನ್ನಿನ ಮುಂದಿನ ವರ್ಷದಿಂದ ಕ್ಲಾಸಿನಲ್ಲಿ ಇದನ್ನು ತನ್ನ ಮನೆಯ ಕಥೆಯಾಗಿಯೇ ಹೇಳತೊಡಗಿದಳು. ವಿಶ್ವಾರಾಧ್ಯ ಅವರಿಗೆ ಮೊದಲು ಇಷ್ಟವಿರಲಿಲ್ಲ. “ನಮ್ಮ ಹುಡುಗನ ವಿಷ್ಯ ಹತ್ತು ಜನದ ಮುಂದೆ ಯಾಕೆ?” ಎಂದು ನನ್ನೆದುರಿಗೇ ಕೇಳಿದ್ದರು. ಅವಳು ಹೇಳಿದಳು — “ಆ ಹತ್ತು ಜನ ನಾಳೆ ಹತ್ತು ವಾರ್ಡಿಗೆ ಹೋಗ್ತಾರೆ ರೀ. ಅಲ್ಲಿ ನನ್ನಂಥೋಳು ಒಬ್ಳು ಬಾಯ್ಮುಚ್ಕೊಂಡು ಮಲಗಿರ್ತಾಳೆ.”

ಹೋದ ವರ್ಷ, ಯುಗಾದಿ ಕಳೆದ ಮೇಲೆ, ಬೆಳಿಗ್ಗೆ ಎನ್.ಆರ್. ಕಾಲೋನಿಯ ನಮ್ಮ ಮನೆಗೆ ಬಂದಳು. ಕಾಫಿ ಕೊಟ್ಟೆ, ಕುಡಿಯದೆ ಲೋಟ ಪಕ್ಕಕ್ಕಿಟ್ಟಳು. “ಎದೇಲಿ ಗಂಟು ಸಿಕ್ಕಿದೆ ಕಣೇ. ತುಂಬಾ ಭಯ ಆಗ್ತಿದೆ. ಡಾಕ್ಟ್ರ ಹತ್ರ ಹೋಗೋಣ, ಬಾ.”

“ಮನೇಲಿ ಹೇಳಿದ್ಯಾ?” ಎಂದೆ.

“ಹೇಳ್ಬಿಟ್ಟೇ ಬಂದೆ. ಅತ್ತೆ ಕೆಳಗೆ ಆಟೋದಲ್ಲಿ ಕೂತಿದಾರೆ.”

ಗೊತ್ತಾದ ದಿನವೇ ಹೋದೆವು. ಅಷ್ಟರಲ್ಲಾಗಲೇ ಕ್ಯಾನ್ಸರ್ ಬೇರೆ ಕಡೆ ಹಬ್ಬಿತ್ತು. ಬೇಗ ಹೋದರೆ ಎಲ್ಲವೂ ಸರಿಹೋಗುತ್ತದೆ ಎಂದು ಇಲ್ಲಿ ನಿಂತು ನಾನು ಹೇಳಲಾರೆ. ಹೇಳಿದರೆ ಅವಳೇ ಒಪ್ಪುವುದಿಲ್ಲ. ಕೊನೆಯವರೆಗೂ ಅವಳಿಗೆ ಭಯವಿತ್ತು. ಭಯವಾದಾಗ ಕರೆಯುತ್ತಿದ್ದಳು — ಗಂಡನನ್ನೋ, ಮಗನನ್ನೋ, ನನ್ನನ್ನೋ. ಕರೆದಾಗ ಯಾರಾದರೊಬ್ಬರು ಹೋಗಿ ಕೈ ಹಿಡಿದು ಕೂರುತ್ತಿದ್ದೆವು. ಅಷ್ಟು ಮಾತ್ರ ನಮ್ಮಿಂದ ಆಯಿತು.

ವಿದ್ಯಾರ್ಥಿಗಳೇ, ಸೋಮವಾರ ನಿಮ್ಮ ತಂಡ ಮಕ್ಕಳ ವಾರ್ಡಿಗೆ ಹೋಗುತ್ತದೆ. ಅವಳಿಲ್ಲದೆ ನಿಮ್ಮನ್ನು ಕರೆದುಕೊಂಡು ಹೋಗುವುದು ನಾನು. ನನಗೂ ಭಯವಿದೆ. ಗಂಡುಮಗುವನ್ನು ಪರೀಕ್ಷಿಸುವಾಗ ನಿಮ್ಮ ಬೆರಳಿಗೆ ಒಂದು ಕಡೆ ಏನೂ ಸಿಗದೆ ಹೋದರೆ ವೈದ್ಯರಿಗೆ ತಿಳಿಸಿ. ಆಮೇಲೆ ಆ ತಾಯಿಯ ಹಾಸಿಗೆಯ ಹತ್ತಿರ ಸ್ಟೂಲು ಎಳೆದುಕೊಂಡು ಕುಳಿತುಕೊಳ್ಳಿ. ಅವಳ ಅತ್ತೆಯನ್ನೂ ಗಂಡನನ್ನೂ ಕೂರಿಸಿಕೊಳ್ಳಿ. ಯಾವಾಗ ಮತ್ತೆ ಬರಬೇಕು, ಗಂಟು ಕಂಡರೆ, ವಾಂತಿಯಾದರೆ ಎಲ್ಲಿಗೆ ಓಡಬೇಕು, ಎಲ್ಲ ಹೇಳಿ. ನಿಮ್ಮ ದನಿ ನಡುಗಿದರೂ ಚಿಂತೆಯಿಲ್ಲ.

ಈಗ ಅವಳ ನೆನಪಿಗೆ ಒಂದು ನಿಮಿಷ ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ರುದ್ರಾಣಿ ಅಮ್ಮನವರಿಗೆ ಮಂಡಿನೋವು, ಅವರು ಕುಳಿತೇ ಇರಲಿ.

ಇಲ್ಲ — ಏಳುತ್ತಿದ್ದಾರೆ. ಸಮರ್ಥ, ಅಜ್ಜಿಯ ತೋಳು ಹಿಡಿದುಕೋ ಕಂದಾ. ಹಾಂ, ಹಾಗೆ.

ಅವರು ನಿಲ್ಲುವವರೆಗೆ ಕಾಯೋಣ. ಆಮೇಲೆ ಮೌನ.