ಗೋಡೆಯಾಚೆಯ ರೊಟ್ಟಿ ಸಪ್ಪಳ

ಅಧ್ಯಕ್ಷರಾದ ನಿಜಗುಣಪ್ಪ ಮಾಸ್ತರರೇ, ವೇದಿಕೆ ಮೇಲಿನ ಗಣ್ಯರೇ, ನಮ್ಮ ಮುನವಳ್ಳಿಯ ರೇಡಿಯೋ ಕೇಳುಗರ ಬಳಗದವರೇ, ಮುಂದಿನ ಸಾಲಿನಲ್ಲಿ ಕುಂತು ನನ್ನನ್ನೇ ನೋಡುತ್ತಿರುವ ನನ್ನ ಮನೆಯವರಾದ ಜಮೀಲಾಬಿಯವರೇ, ಹಾಗೂ ಸಭಿಕರೇ,

ಈ ಟೇಲರ್ ಅಕ್ಬರಸಾಬನಿಗೆ ಶಾಲು ಹೊದಿಸಿ ‘ಶಾಸ್ತ್ರೀಯ ಸಂಗೀತದ ಅಪ್ಪಟ ರಸಿಕ’ ಎಂದು ಕರೆದಿರಿ. ಇಪ್ಪತ್ತು ವರ್ಷ ದಿನಾ ಸಂಜಿ ಏಳಕ್ಕ ಅಂಗಡಿಯೊಳಗ ರೇಡಿಯೋ ಹಚ್ಚೇನಿ ಅನ್ನೂದು ಖರೆ. ಮೊದಲು ಸಂಗೀತ, ಆಮ್ಯಾಲ ಭಾಷಣ, ಕಡೀಕ ಕಥಿ, ಕವಿತಾ. ಆದರೆ ಸಭಿಕರೇ, ರಸಿಕ ಅಂದರೆ ಯಾರು? ರಾಗ ಯಾವುದು, ತಾಳ ಯಾವುದು ನನಗಿನ್ನೂ ತಿಳಿದಿಲ್ಲ. ಗವಾಯಿಗಳು ಆಲಾಪ ಶುರು ಮಾಡಿದರೆ ನಾನು ಪ್ಯಾಂಟಿನ ಎರಡೂ ಕಾಲು ಹೊಲಿದಿರತೇನಿ, ಅವರಿನ್ನೂ ಅದೇ ಅಕ್ಷರದಾಗ ಇರತಾರ.

ಮತ್ತ್ಯಾಕ ಹಚ್ಚಿದೆ? ನನ್ನ ಅಂಗಡಿಯ ಹಿಂದಿನ ಗೋಡೆಗೆ ಹತ್ತಿ ಚನ್ನವ್ವ ತಂಗಿಯ ಅಡಿಗಿಮನಿ ಐತಿ. ಇಪ್ಪತ್ತು ವರ್ಷದ ಹಿಂದ ಅವರ ಯಜಮಾನರು ಯಮನಪ್ಪ ತೀರಿಕೊಂಡಾಗ ಎರಡು ತಿಂಗಳು ಆ ಕಡೆ ರೊಟ್ಟಿ ಬಡಿಯೋ ಸಪ್ಪಳಾನೇ ಇರಲಿಲ್ಲ. ನನಗೂ ಕೆಲಸಕ್ಕ ಕೈ ಹತ್ತತಿರಲಿಲ್ಲ. ಒಂದು ಸಂಜಿ ರೇಡಿಯೋದಾಗ ಸಾರಂಗಿ ಬರಾಕ ಹತ್ತಿತ್ತು; ಆ ಕಡೆ ಟಪ್ ಟಪ್ ಅಂತ ರೊಟ್ಟಿ ಶುರುವಾತು. ಖುಷಿಗೆ ನಾನು ಸಿನಿಮಾ ಹಾಡಿಗೆ ತಿರುವಿದೆ, ಸಪ್ಪಳ ನಿಂತಿತು. ದುಃಖದ ಮನಿ, ಇಂಥಾ ಹಾಡು ಸೇರವಲ್ದು ಅಂತ ತಿಳಿದು ತಿರುಗಿ ಸಾರಂಗಿಗೆ ಬಂದೆ. ಸಪ್ಪಳ ಬಂತು. ಅವತ್ತಿನಿಂದ ರೇಡಿಯೋದ ಮುಳ್ಳು ಅಲುಗಿಸಿರಲಿಲ್ಲ.

ಮೊನ್ನೆ ಆಮಂತ್ರಣ ಪತ್ರಿಕೆ ಕೊಡಾಕ ಹೋಗಿ, ಈ ಶಾಲು ಖರೆ ಅಂದರೆ ನಿಮ್ಮದು ತಂಗಿ ಅಂತ ಎಲ್ಲಾ ಹೇಳಿದೆ. ಅವರು ಹಿಟ್ಟಿನ ಕೈ ಹಂಗೇ ಹಿಡಕೊಂಡು ನನ್ನ ಮಾರಿ ನೋಡಿದರು.

‘ಅಣ್ಣಾ, ನನಗೆಲ್ಲಿ ತಿಳೀತೈತಿ ಆ ಸಂಗೀತ? ಸಿನಿಮಾ ಹಾಡು ಕೇಳಾಕಂತಲೇ ಅವತ್ತು ರೊಟ್ಟಿ ಬಡಿಯೂದು ನಿಲ್ಲಿಸಿದ್ದೆ. ನೀವು ಬಂದ್ ಮಾಡಿದ್ರಿ. ನಿಮಗ ಇದು ಭಾಳ ಸೇರತೈತಂತ ಇಷ್ಟು ವರ್ಷ ಸುಮ್ಮನಿದ್ದೆ.’

ಹಂಗಾದರೆ ಸಭಿಕರೇ, ಇಪ್ಪತ್ತು ವರ್ಷ ಕೇಳಿದವರು ಯಾರು? ನಾನಲ್ಲ, ಅವರೂ ಅಲ್ಲ. ಜಮೀಲಾಬಿಯನ್ನ ಕೇಳಿದರೆ, ‘ನನಗ್ಯಾಕ ಕೇಳತೀರಿ, ಅದು ನಿಮ್ಮಿಬ್ಬರ ರೇಡಿಯೋ’ ಅಂದಳು. ಅದರ ಅರ್ಥಾನೂ ನನಗ ಆಗಿಲ್ಲ. ನಗಬ್ಯಾಡ್ರಿ, ನಿಜವಾಗಿ ಆಗಿಲ್ಲ.

ನಿನ್ನೆ ಸಂಜಿ ಮನಸ್ಸು ಗಟ್ಟಿ ಮಾಡಿ ಸಿನಿಮಾ ಹಾಡು ಹಚ್ಚಿದೆ. ರೊಟ್ಟಿ ಸಪ್ಪಳ ನಿಂತಿತು. ಕೇಳಾಕ ಹತ್ತ್ಯಾರ ಅಂತ ನನಗ ಸಮಾಧಾನ. ಮತ್ತ ಶುರುವಾತು, ಮತ್ತ ನಿಂತಿತು. ಆಮ್ಯಾಲ ಗೋಡಿ ಬಡಿದು ಅಂದರು: ‘ಅಣ್ಣಾ, ಇದು ಬ್ಯಾಡ. ಅದನ್ನೇ ಹಚ್ಚರಿ. ರೊಟ್ಟಿ ಹರಿಯಾಕ ಹತ್ತ್ಯಾವ.’

ನನ್ನ ಹೊಲಿಗೀನೂ ಸೊಟ್ಟ ಆಗಿತ್ತು.

ಹಿಂಗಾಗಿ ಈ ಶಾಲು ಯಾರದು ಅಂತ ನನಗ ಗೊತ್ತಿಲ್ಲ. ಸದ್ಯಕ್ಕ ನನ್ನ ಹೆಗಲ ಮ್ಯಾಲ ಇರಲಿ. ಅಧ್ಯಕ್ಷರು ಮನ್ನಿಸಬೇಕು, ಏಳಕ್ಕ ಇನ್ನು ಹತ್ತು ನಿಮಿಷ ಐತಿ. ಚನ್ನವ್ವ ಇಲ್ಲಿಗೆ ಬಂದಿಲ್ಲ. ಹಿಟ್ಟು ನಾದಿ ಕುಂತಿರತಾರ. ನಾ ಹೋಗಿ ಹಚ್ಚಬೇಕು. ನಿಮ್ಮೆಲ್ಲರ ಉಪಕಾರ ದೊಡ್ಡದು, ನಮಸ್ಕಾರ.