ತಿಪ್ಪವ್ವನಿಗೆ ಕೊಟ್ಟ ಎಲೆ

ಹಾನಗಲ್ಲಿನ ದಾರಿಯಲ್ಲಿ ಹಳ್ಳ ತುಂಬಿ ಹರಿಯುತ್ತಿದೆಯೆಂದು ಬಸ್ಸು ಶಿಗ್ಗಾಂವದಲ್ಲೇ ನಿಂತಾಗ ಇನ್ನೂ ದೀಪ ಹಚ್ಚುವ ಹೊತ್ತಾಗಿರಲಿಲ್ಲ. ಅರವತ್ತಾರರ ಶ್ರಾವಣ, ಮೂರು ದಿನದಿಂದ ಹಿಡಿದ ಜಡಿಮಳೆ. ಕಾಳಿನ ವ್ಯಾಪಾರಿ ಕರಿಬಸಪ್ಪ ಹೋಗಲು ಜಾಗವಿಲ್ಲದ ನಾಲ್ಕೈದು ಮಂದಿಯನ್ನು ತನ್ನ ಪಡಸಾಲೆಗೆ ಕರೆದು ಕೂರಿಸಿದ್ದ. ಅವರಲ್ಲಿ ಪರಮೇಶಪ್ಪ ಮಾಸ್ತರನೂ ಒಬ್ಬ. ಎಂಟು ತಿಂಗಳ ಬಸುರಿ ಹೆಂಡತಿ ಸರೋಜವ್ವನನ್ನು ತಿಳವಳ್ಳಿಯ ತವರಿಗೆ ಬಿಡಲು ಹೊರಟಿದ್ದ. ಕೂಸು ಹೊಟ್ಟೆಯಲ್ಲಿ ಅಡ್ಡ ಕೂತಿದೆ ಎಂದು ನಾಲ್ಕು ದಿನದ ಹಿಂದೆ ದವಾಖಾನೆಯಲ್ಲಿ ಹೇಳಿದಂದಿನಿಂದ ಅವಳು ಮಾತು ಬಿಟ್ಟಿದ್ದಳು. ಎಷ್ಟೋ ಪುಸ್ತಕ ಓದಿದ್ದ ಪರಮೇಶಪ್ಪನಿಗೆ ಹೆಂಡತಿಗೆ ಹೇಳುವ ಒಂದು ಮಾತು ಮಾತ್ರ ಸಿಕ್ಕಿರಲಿಲ್ಲ.

ಕಂಬಕ್ಕೆ ಒರಗಿ ಬೀಡಿ ಸೇದುತ್ತಿದ್ದ ಮುದುಕ ಶೇಖಸಾಬ ಅವಳನ್ನೇ ನೋಡುತ್ತಿದ್ದ. ಹಳೆಯ ಮೋಟರು ಚಾಲಕ, ಈ ಮನೆಗೆ ಮೂವತ್ತು ವರ್ಷದ ಬಳಕೆಯವನು.

"ಅಂಜಬ್ಯಾಡವಾ ತಂಗಿ," ಎಂದ. "ಇದ ಮನ್ಯಾಗ ನಡದದ್ದೊಂದು ಹೇಳ್ತೇನಿ, ಕೇಳು."

"ದೆವ್ವದ ಕತಿ ಇದ್ರ ಬ್ಯಾಡ್ರಿ," ಎಂದ ಪರಮೇಶಪ್ಪ. "ಮೊದಲ ಅಂಜ್ಯಾಳ."

ಒಳಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಕರಿಬಸಪ್ಪನ ಹೆಂಡತಿ ಶಿವಬಸವ್ವ ನಕ್ಕಳು. "ಹೇಳಲಿ ಬಿಡ್ರಿ ಮಾಸ್ತರ. ಅದು ನಂದ ಕತಿ."

ಶೇಖಸಾಬ ಬೀಡಿ ಆರಿಸಿದ.

"ಒಂಬತ್ತ ವರ್ಷದ ಹಿಂದಿನ ಮಾತ್ರಿ. ಈ ಅಕ್ಕಾರಿಗೆ ಆಗ ಏಳು ತಿಂಗಳು. ಮೊದಲಿನ ಎರಡೂ ಹುಟ್ಟೂತ್ಲೆ ಹೋಗಿದ್ವು... ಹಿಂಗಾಗಿ ಅಕ್ಕಾರು ಏನ ಬೇಡಿದ್ರೂ ನಮ್ಮ ಕರಿಬಸಪ್ಪ ಸಾವಕಾರು ಇಲ್ಲ ಅನ್ನೂ ಹಂಗಿರಲಿಲ್ಲ. ಮಂದಿಗೆ ಹುಣಸಿಕಾಯಿ ಬಯಕಿ, ಮಣ್ಣ ತಿನ್ನೂ ಬಯಕಿ. ಇವರಿಗೇನ ಬಯಕಿ ಅಂತೀರಿ? ತುಂಬಿದ ಕೆರಿ ನೋಡೂ ಬಯಕಿ! ಹಿರೇಕೆರೂರ ದಾಟಿದ ಮ್ಯಾಲೆ ಗುಡ್ಡದ ನಡುವ ಒಂದ ಕೆರಿ, ದಂಡಿಗೆ ಸರಕಾರದ ಬಂಗ್ಲೆ, ಅಲ್ಲೇ ಎರಡ ದಿನ ವಸ್ತಿ ಇರಬೇಕಂತ. ಒಂಬತ್ತರಾಗ ಕುಬಸ ಮಾಡೂದಿತ್ತಲ್ಲ, ಹಸರ ಸೀರಿ ಉಡಿಸಿ ಉಡಿ ತುಂಬೂದು, ಅದಕ್ಕ ಹಾದ್ಯಾಗಿನ ಬೀಗರಿಗೆಲ್ಲಾ ಎಲಿ ಅಡಿಕಿ ಕೊಟ್ಟ ಕರಕೊಂತ ಹೋದ್ರಾತು ಅಂದ್ರು ಸಾವಕಾರು. ಸುತ್ತಾದ್ರೂ ಸವಣೂರಿಗೆ ಹೋಗಿ ಎಲಿ ಪೆಂಡಿ ಕಟ್ಟಿಸಿಕೊಂಡು, ಹಾದ್ಯಾಗ ತಿನ್ನಾಕ ಒಂದ ಪೊಟ್ಟಣ ಖಾರ ತಗೊಂಡು, ಹಾನಗಲ್ಲು, ತಿಳವಳ್ಳಿ ಮಾಡಿ ಹೊಂಟ್ವಿ ನೋಡ್ರಿ... ಏನ ಹಾದಿ ಅದು! ಎರಡೂ ಕಡೆ ಭತ್ತದ ಗದ್ದಿ, ಮೋಟರ ಸಪ್ಪಳಕ್ಕ ಬೆಳ್ಳಕ್ಕಿ ಹಿಂಡು ಎದ್ದು ಮತ್ತ ಅಲ್ಲೇ ಕುಂಡ್ರೂದು, ಗುಡ್ಡ ಏರಿದಂಗ ಮೋಡ ಕೆಳಗಿಳದು ಗಾಜಿಗೆ ಹತ್ತೂದು. ಅಕ್ಕಾರು ಕೆರಿ ನೋಡಿ ಎರಡ ದಿನಾ ಕಟ್ಟಿ ಬಿಟ್ಟ ಏಳಲಿಲ್ಲ.

ಹೊರಡೂ ದಿನ ಮುಂಜಾನೆ ಬಂಗ್ಲೆ ಮೆಟ್ಟಿಲ ಮ್ಯಾಲೆ ಒಬ್ಬಾಕಿ ಮುದುಕಿ ಕುಂತಿದ್ಲು. ಅಕ್ಕಾರನ್ನ ಕರದು ಹೊಟ್ಟಿ ಮ್ಯಾಲೆ ಕೈ ಇಟ್ಟು, 'ಅಡ್ಡ ಐತಲ್ಲಬೇ ಕೂಸು' ಅಂದ್ಲು. ಅಷ್ಟ. ಹೆಸರ ಕೇಳಿದ್ರ ತಿಪ್ಪವ್ವ ಅಂದ್ಲು. ಸಾವಕಾರ ಕೈಯಾಗ ಐದ ಎಲಿ, ಎರಡಡಿಕಿ ಉಳದಿದ್ವು. ಹಿರೇಮನಸಿನ ಮನಶಾ, ಆಕಿ ಉಡಿಗಿ ಹಾಕಿ, 'ಕುಬಸಕ್ಕ ನೀನೂ ಬಾರಬೇ ಆಯಿ' ಅಂದ್ರು.

ಗೇಟಿನ್ಯಾಗ ಕಾವಲುಗಾರ ಕೇಳಿದ, ಅಲ್ಲೆ ಮೆಟ್ಟಲದಾಗ ಯಾರಿಗಿ ಎಲಿ ಕೊಟ್ರಿ ಅಂತ. ಹೇಳಿದ್ವಿ. ಅವ ತಲಿ ಮ್ಯಾಲಿನ ಪಟಕಾ ತಗದು ಕೈಯಾಗ ಹಿಡ್ಕೊಂಡ. ಸೂಲಗಿತ್ತಿ ತಿಪ್ಪವ್ವ ನೀರಪಾಲಾಗಿ ಐದ ವರ್ಷ ಆಗಿತ್ತರಿ... ಆಚೀ ದಂಡಿಗೆ ಒಬ್ಬಾಕಿ ಬ್ಯಾನಿ ತಿನ್ನಾಕತ್ತಾಳಂತ ಹರಗೋಲ ಹತ್ತಿ ಹೊಂಟಿದ್ಲಂತ. ನಡುನೀರಾಗ ಮಗಚಿ ಬಿತ್ತು. ಆಚೀ ದಂಡ್ಯಾಗ ತಾಯಿ, ಕೂಸು, ಎರಡೂ ಉಳೀಲಿಲ್ಲ.

ಸಾವಕಾರು ನನ್ನ ಹೆಗಲ ಹಿಡದ್ರು. 'ಮೋಟರ ತಿರುಗಿಸು, ಎಲಿ ಇಸಕೊಂಡ ಬರ್ತೇನಿ' ಅಂದ್ರು. ಅಕ್ಕಾರು ಏನಂದ್ರು ಗೊತ್ತೈತೇನು? 'ಕೊಟ್ಟ ಎಲಿ ತಿರುಗಿ ಇಸಕೊಳ್ಳೂ ಮನಿತಾನ ಏನ್ರಿ ನಮ್ದು?' ನಾ ಗೇರ ಹಾಕಿ ಮುಂದ ಹೊಂಟೆ.

ಕುಬಸದ ದಿನ ಸಾವಕಾರು ಬಾಗಲಕ್ಕ ಲಿಂಬಿಹಣ್ಣ ಕಟ್ಟಿಸಿದ್ರು. ಕರದವರಿಗೆ ಬಾಗಲಾ ಕಟ್ಟತಾರೇನು ಅಂತ ಅಕ್ಕಾರು ಬಿಚ್ಚಿ ಒಗದ್ರು. ಆಕಿ ಬರಲಿಲ್ಲ. ಎಲ್ಲಾರೂ ಉಸರ ಬಿಟ್ವಿ.

ಚಿತ್ತಿ ಮಳಿಯಾಗ ಬ್ಯಾನಿ ಚಾಲೂ ಆದ್ವು. ನಡುಹಗಲು, ಆದ್ರ ಕತ್ತಲೀನ ಕತ್ತಲಿ. ಊರ ಸೂಲಗಿತ್ತಿ ಮಗಳ ಊರಿಗೆ ಹೋಗ್ಯಾಳ. ಸವಣೂರಿಂದ ಮುಮ್ತಾಜಬೇಗಂ ಅನ್ನೂ ಸೂಲಗಿತ್ತೀನ ಕರಕೊಂಬಾ ಅಂತ ನನ್ನ ಓಡಿಸಿದ್ರು. ಅರ್ಧ ಹಾದ್ಯಾಗ ಹಳ್ಳ! ಮೋಟರ ನಿಲ್ಲಿಸಿ ನೀರ ನೋಡಕೊಂತ ಒಂದ ತಾಸು ನಿಂತೆ... ಕಡೀಕ ಬರಿಗೈಲೆ ಹೊಳ್ಳಿದೆ. ಏನ ಮುಖ ಇಟಗೊಂಡ ಬರಲಿ ಹೇಳ್ರಿ? ಅಂಗಳದಾಗ ಇಳದ್ರ ಕೂಸು ಅಳೂದು ಕೇಳಸ್ತು. ಸಾವಕಾರು ನನ್ನ ತಬ್ಬಿಕೊಂಡು, 'ಛಲೋ ಆಯೀನ ಕಳಿಸಿದೆಪಾ ಶೇಖಸಾಬ' ಅಂದ್ರು. ಹಿತ್ತಲಬಾಗಲದಿಂದ ಬಂದ್ಲಂತ, ಬೆನ್ನಷ್ಟ ಕಂಡಿತ್ತಂತ. ನಾ ಯಾರನ್ನೂ ಕಳಿಸಿರಲಿಲ್ಲರಿ."

ಒಳಗೆಲ್ಲೋ ಎಂಟೊಂಬತ್ತು ವರ್ಷದ ಒಬ್ಬ ಹುಡುಗಿ ಮಗ್ಗಿ ಹೇಳುತ್ತಿದ್ದಳು.

"ಸೀರಿ ತೊಯ್ದಿತ್ತು, ಕೈ ಅನ್ನೂವು ಬರ್ಫ," ಎಂದಳು ಶಿವಬಸವ್ವ, ಅಡುಗೆಯ ಮಾತು ಹೇಳುವಂತೆ. "ಕುಬಸಕ್ಕ ಬರೂದಾಗಲಿಲ್ಲವಾ, ಹಾದ್ಯಾಗ ನೀರ ಭಾಳ ಇತ್ತು ಅಂದ್ಲು. ಎರಡ ಸಲ ಹೊಟ್ಟಿ ನೀವಿ ಕೂಸಿನ್ನ ತಿರುಗಿಸಿದ್ಲು."

ಸರೋಜವ್ವನ ಬಿಗಿದ ಮುಷ್ಟಿ ಸಡಿಲಾದದ್ದನ್ನು ಪರಮೇಶಪ್ಪ ಕಂಡ. ನಾಲ್ಕು ದಿನದಲ್ಲಿ ಮೊದಲ ಸಲ ಅವಳು ಚಹಾದ ಕಪ್ಪು ಕೈಗೆತ್ತಿಕೊಂಡಳು. ದೆವ್ವವನ್ನು ನಂಬದ ಅವನೂ ನಿರಾಳವಾಗಿ ಗೋಡೆಗೆ ಒರಗಿದ.

"ಆಮ್ಯಾಲೆ ಆಕಿ ಎತ್ತ ಹೋದ್ಲರಿ?" ಎಂದು ಕೇಳಿದಳು ಸರೋಜವ್ವ.

"ಕರದವರನ್ನ ಮತ್ತ ಎಲಿ ಅಡಿಕಿ ಕೊಟ್ಟು ಕಳಸಬೇಕಲ್ಲವಾ, ಅಲ್ಲೀತನಕ ಅವರು ಹೊರಡೂ ಹಂಗಿಲ್ಲ," ಎಂದ ಶೇಖಸಾಬ. "ಆ ಗದ್ದಲದಾಗ ಕೊಡೂದ ಮರತ ಹೋತು."

"ಮರತಿಲ್ಲ," ಎಂದಳು ಶಿವಬಸವ್ವ. "ನಾನ ಕೊಡಲಿಲ್ಲ."

ಶೇಖಸಾಬ ಹೊಸ ಬೀಡಿ ಹಚ್ಚಿದ.

"ಅದಕ್ಕ ನೋಡ್ರಿ... ಆಕಿ ಬಂದದ್ದ ಕಂಡಾವರು ಅದಾರ, ಹ್ವಾದದ್ದ ಕಂಡಾವರು ಇಲ್ಲ. ನಡೀವಾ ತಂಗಿ, ಒಳಗ ಹೋಗಿ ಅಡ್ಡಾಗು. ನಿದ್ದಿಯಾಗ ಹೊಟ್ಟಿ ಮ್ಯಾಲೆ ತಣ್ಣನ ಕೈ ಬಿದ್ರ ಅಂಜಿ ಎದ್ದ ಕುಂಡ್ರಬ್ಯಾಡ... ಕೂಸು ತಿರುಗೂ ತನಕ ಸುಮ್ಮನ ಮಲಕ್ಕೊಂಡಿರು."